ಗೇರುಬೀಜಕ್ಕೆ ಹೆದರಿದ ಬೊಮ್ಮಿ

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಹತ್ತು ಗಂಟೆಯ ಸುಮಾರಿಗೆ, ಬೊಮ್ಮಿ ಗೌಡ ತನ್ನ ಒಂದೂವರೆ ವರ್ಷದ ಮೊಮ್ಮಗಳ ಬಾಯಿಗೆ ಅರ್ಧ ಗೋಡಂಬಿ ಕೊಟ್ಟಳು. ಆಗಷ್ಟೇ ಸುಟ್ಟು ಒಡೆದ ಬೀಜ, ಇನ್ನೂ ಬೆಚ್ಚಗಿತ್ತು. ಮಗುವಿನ ಗಂಟಲಿಗೆ ಸಿಕ್ಕೀತೆಂದು ಅದನ್ನು ಮೊದಲು ತನ್ನ ಹಲ್ಲಿನಲ್ಲೇ ನುರಿದು, ಹಿಟ್ಟಿನಂತೆ ಮಾಡಿ, ಬೆರಳ ತುದಿಯಿಂದ ನಾಲಿಗೆಗೆ ಸವರಿದಳು. ಮಗು ಚಂದನಾ ಬಾಯಿ ಚಪ್ಪರಿಸಿ, ಇನ್ನೂ ಬೇಕೆಂದು ಕೈ ಚಾಚಿತು. ಬೊಮ್ಮಿ ಬಾವಿಕಟ್ಟೆಯ ಕಡೆ ಒಮ್ಮೆ ನೋಡಿದಳು. ಸೊಸೆ ಭಾರತಿ ಬೆನ್ನು ಮಾಡಿ ನಿಂತು ಬಟ್ಟೆ ಒಗೆಯುತ್ತಿದ್ದಳು. ಎರಡು ವರ್ಷ ತುಂಬುವ ತನಕ ಮಗುವಿಗೆ ಇಂಥದ್ದೇನೂ ಬೇಡ ಎಂದು ಅವಳು ಹೇಳಿಯಾಗಿತ್ತು. ಆದರೆ ಗೇರುಬೀಜ ತಿನ್ನದೆ ಬೆಳೆದ ಮಗುವನ್ನು ಬೊಮ್ಮಿ ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಅಂಕೋಲೆಯಿಂದ ಕಾರವಾರದ ಕಡೆ ಹೋಗುವಾಗ ಅವರ್ಸಾ ಸಿಗುತ್ತದಲ್ಲ, ಅಲ್ಲಿಂದ ಒಳಗೆ, ಗುಡ್ಡದ ಬುಡದಲ್ಲಿ ಹದಿನಾಲ್ಕು ಮನೆಗಳ ಕೊಪ್ಪ. ಬೊಮ್ಮಿ ಅಲ್ಲಿಗೆ ಮದುವೆಯಾಗಿ ಬಂದದ್ದು ಹದಿನೇಳನೆಯ ವಯಸ್ಸಿನಲ್ಲಿ, ಕಾಳಿ ಹೊಳೆಯ ಕಡೆಯ ಕಿನ್ನರದಿಂದ. ಗಂಡ ಬೀರು ಆಗ ಗುಡ್ಡದ ಓರೆಯಲ್ಲಿ ಗೇರುಗಿಡ ನೆಡುವುದಕ್ಕೆ ಹಿಡಿದಿದ್ದ. ಬೇರೇನೂ ಬಾರದ ಚಿರೇಕಲ್ಲಿನ ನೆಲ. ಅವನು ಹಾರೆಯಲ್ಲಿ ಕುಳಿ ತೋಡಿದ, ಇವಳು ಮೂರು ಬೇಸಿಗೆ ಕೊಡದಲ್ಲಿ ನೀರು ಹೊತ್ತು ಎರೆದಳು. ನಾಲ್ಕನೆಯ ವರ್ಷ ಗಿಡಗಳು ಹೂ ಬಿಟ್ಟವು. ಚಂದನಾ ಹುಟ್ಟುವ ಮೊದಲೇ ಬೀರು ಜ್ವರದಲ್ಲಿ ತೀರಿಕೊಂಡ. ಅವನು ನೆಟ್ಟ ಅರವತ್ತು ಮರಗಳ ಹಕ್ಕಲು ಮಾತ್ರ ಹಾಗೇ ಉಳಿಯಿತು.

ಆ ಮರಗಳ ಒಂದೊಂದು ಕೊಂಬೆಯೂ ಬೊಮ್ಮಿಗೆ ಗೊತ್ತಿತ್ತು. ಚಳಿ ಬಿದ್ದಮೇಲೆ ಕೊಂಬೆಯ ತುದಿಗೆ ತೆಳು ಗುಲಾಬಿ ಬಣ್ಣದ ಸಣ್ಣ ಹೂವಿನ ಗೊಂಚಲು ಬರುತ್ತದೆ. ಆ ಹೊತ್ತಿಗೆ ಮೋಡ ಕಟ್ಟಿದರೆ ಹೂ ಕರಕಲಾಗಿ ಉದುರುತ್ತದೆ. ನಿಂತ ಹೂವಿನಲ್ಲಿ ಮೊದಲು ಮೂಡುವುದು ಬೀಜ. ಹಸಿರು ಬೀಜ ಪೂರ್ತಿ ದೊಡ್ಡದಾದ ಮೇಲೆಯೇ ಅದರ ಬೆನ್ನಿಗೆ ಹಣ್ಣು ಉಬ್ಬುವುದು, ಕೆಂಪೋ ಹಳದಿಯೋ ಆಗುವುದು. ಹೊಟ್ಟೆಯೊಳಗೆ ಇರಬೇಕಾದ ಬೀಜವನ್ನು ಹೊರಗೆ ತೂಗಿಬಿಟ್ಟುಕೊಂಡ ಹಣ್ಣು ಅದು. ಹಣ್ಣಾದದ್ದು ತಾನಾಗಿ ಬೀಳುತ್ತದೆ. ಬೆಳಕು ಹರಿಯುವಾಗಲೇ ಬುಟ್ಟಿ ಹಿಡಿದು ಹೋಗಿ, ಒಣಗಿದ ಎಲೆಗಳನ್ನು ಕೋಲಿನಿಂದ ಸರಿಸುತ್ತಾ ಆರಿಸಬೇಕು. ಎಲೆಯಡಿ ಹಾವು ಇರುವುದೂ ಉಂಟು. ಅದಕ್ಕೆಲ್ಲ ಬೊಮ್ಮಿ ಹೆದರಿದವಳಲ್ಲ. "ಸರಿ ಆಚೆ, ಹೋಗು," ಎಂದು ಕೋಲು ಬಡಿದು ಮುಂದೆ ಹೋಗುವವಳು.

ಬೀಜ ಸುಡುವುದರಲ್ಲಿ ಅವಳ ಕೈ ಇಡೀ ಸೀಮೆಯಲ್ಲಿ ಹೆಸರಾಗಿತ್ತು. ಮೂರು ಬಿಸಿಲು ಒಣಗಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ ಸದ್ದು ಕೇಳಿ, ತೂತು ಹೊಡೆದ ತಗಡಿನ ಮೇಲೆ ಸುರಿದು ಬೆಂಕಿ ಮಾಡುತ್ತಿದ್ದಳು. ಸಿಪ್ಪೆಯ ಎಣ್ಣೆ ಚಿಮ್ಮಿ ಭಗ್ಗೆಂದು ಹೊತ್ತಿಕೊಳ್ಳುವಾಗ ಮುಖ ತಿರುಗಿಸಿ, ಸರಿಯಾದ ಗಳಿಗೆಗೆ ನೀರು ಚಿಮುಕಿಸಿ, ಬೂದಿಯಲ್ಲಿ ಹೊರಳಿಸಿ, ಮರದ ಕೊಡತಿಯಿಂದ ಒಂದೇ ಪೆಟ್ಟಿಗೆ ಒಡೆಯುವಳು. ಹತ್ತರಲ್ಲಿ ಒಂಬತ್ತು ಇಡಿಯಾಗಿಯೇ ಹೊರಬರುತ್ತಿದ್ದವು. ಎಣ್ಣೆ ತಾಗಿ ಅಂಗೈ ಸುಲಿದು, ಉಗುರುಗಳು ಖಾಯಂ ಕಪ್ಪಾಗಿದ್ದವು. ಹೆದ್ದಾರಿಯ ಬದಿ ಗೋಣಿ ಹಾಸಿ ಕೂತರೆ ಗೋವೆಗೆ ಹೋಗುವವರು ಕಾರು ನಿಲ್ಲಿಸಿ ಕೊಳ್ಳುವರು. "ಎಲುಬು ಗಟ್ಟಿ ಆಗ್ತದೆ, ಮೈಯಾಗೆ ರಕ್ತ ಆಗ್ತದೆ. ಬಾಣಂತಿಗೆ ಕೊಡಿ, ಹಾಲು ಬರ್ತದೆ," ಎಂದು ಬೊಮ್ಮಿ ಪೊಟ್ಟಣ ಕಟ್ಟುತ್ತಾ ಹೇಳುವಳು. ಮಾರಾಟಕ್ಕೆಂದು ಹೇಳಿದ ಮಾತಲ್ಲ ಅದು, ಅವಳು ಪೂರಾ ನಂಬಿದ್ದಳು. ಭಾರತಿಯ ಬಾಣಂತನದಲ್ಲಿ ದಿನಾ ಒಂದು ಮುಷ್ಟಿ ತುಪ್ಪದಲ್ಲಿ ಹುರಿದು ಕೊಟ್ಟಿದ್ದಳು.

ಅರ್ಧ ಗೋಡಂಬಿ ತಿಂದ ಐದು ನಿಮಿಷಕ್ಕೆ ಮಗು ತನ್ನ ಕಿವಿಯನ್ನು ಕೆರೆದುಕೊಳ್ಳತೊಡಗಿತು. ಆಮೇಲೆ ಕತ್ತು. ಬೊಮ್ಮಿ ಇರುವೆ ಕಚ್ಚಿತೇನೋ ಎಂದು ಅಂಗಿ ಎತ್ತಿ ನೋಡಿದರೆ ಹೊಟ್ಟೆಯ ತುಂಬ ಕೆಂಪು ದದ್ದು. ನೋಡುತ್ತಿದ್ದ ಹಾಗೇ ಅವು ಒಂದಕ್ಕೊಂದು ಕೂಡಿಕೊಂಡವು. ತುಟಿ ಜೇನು ಕಚ್ಚಿದ ಹಾಗೆ ಊದಿತು, ಕಣ್ಣು ಸಣ್ಣದಾಯಿತು. ಮಗು ಒಮ್ಮೆ ವಾಂತಿ ಮಾಡಿತು, ಅಳಲು ಬಾಯಿ ತೆರೆಯಿತು, ಅಳು ಹೊರಗೆ ಬರಲಿಲ್ಲ. ಬಂದದ್ದು ಒಂದು ಸಿಳ್ಳಿನಂಥ ಸದ್ದು.

"ಭಾರತೀ!"

ಭಾರತಿ ಒದ್ದೆ ಕೈಯಲ್ಲೇ ಓಡಿ ಬಂದಳು. ಮಗುವನ್ನು ನೋಡಿದವಳೇ ಅತ್ತೆಯ ತೊಡೆಯಿಂದ ಎತ್ತಿಕೊಂಡಳು. ಆಚೆ ಮನೆಯ ಹೊನ್ನು, ಬೊಮ್ಮಿಯ ಜೊತೆ ಮೂವತ್ತು ವರ್ಷ ಬೀಜ ಆರಿಸಿದವಳು, ಅಂಗಳ ದಾಟಿ ಬಂದವಳೇ "ಹಾವು! ಹಾವು ಮುಟ್ಟಿತು ಕಾಣು!" ಎಂದು ಕೂಗಿದಳು. ಯಾರೋ ರಿಕ್ಷಾ ಓಡಿಸುವ ಜಟ್ಟುವನ್ನು ಕರೆದರು. ಜಟ್ಟುವಿನ ರಿಕ್ಷಾ ಹೆದ್ದಾರಿಗೆ ಹತ್ತಿ ಅಂಕೋಲೆಯ ಕಡೆ ಓಡಿತು. ದಾರಿಯುದ್ದಕ್ಕೂ ಭಾರತಿ ಮಗುವಿನ ಮುಖಕ್ಕೆ ಮುಖ ಕೊಟ್ಟು ಊದುತ್ತಿದ್ದಳು. ಬೊಮ್ಮಿ ಮಗುವಿನ ಎದೆಯನ್ನೇ ನೋಡುತ್ತಿದ್ದಳು. ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು, ಬಿಡುತ್ತಿತ್ತು. ಮುಂದೊಂದು ಟ್ರಕ್ಕು ಅಡ್ಡ ಬಂದು ರಿಕ್ಷಾ ನಿಂತಾಗ, ಆ ಎದೆಯೂ ಒಂದು ಗಳಿಗೆ ನಿಂತ ಹಾಗೆ ಅವಳಿಗೆ ಕಂಡಿತು.

ಆಸ್ಪತ್ರೆಯಲ್ಲಿ ಡಾಕ್ಟರು, ಇನ್ನೂ ಎಳೆಯ ವಯಸ್ಸಿನ ಹೆಂಗಸು, ಮಗುವನ್ನು ಮೇಜಿನ ಮೇಲೆ ಮಲಗಿಸುತ್ತಲೇ ಕೇಳಿದರು. "ಏನು ತಿಂದಿತ್ತು?"

"ಏನಿಲ್ಲ. ಬೆಳಿಗ್ಗೆ ಗಂಜಿ," ಎಂದಳು ಭಾರತಿ.

"ಗಂಜಿ ಬಿಟ್ಟು? ಮೊಟ್ಟೆ, ಶೇಂಗಾ, ಮೀನು?"

"ಇಲ್ಲಾ, ಎಂತದೂ ಇಲ್ಲಾ."

ಬೊಮ್ಮಿ ಗೋಡೆಗೆ ಒರಗಿ ನಿಂತಿದ್ದಳು. ಹೇಳಿದರೆ ಸೊಸೆ ಏನಂದಾಳು, ಮಗ ಏನಂದಾನು ಎಂಬ ಹೆದರಿಕೆ ಒಂದು ಕಡೆ. ಹೇಳಿಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ ಇನ್ನೊಂದು ಕಡೆ. ಡಾಕ್ಟರು ಅವಳ ಕಪ್ಪು ಉಗುರುಗಳನ್ನು ನೋಡಿದರು.

"ಅಜ್ಜಿ, ನೀವು ಏನಾದ್ರೂ ಕೊಟ್ರಾ?"

"ಗೇರುಬೀಜ," ಎಂದಳು ಬೊಮ್ಮಿ. "ಅರ್ಧ. ನಾನೇ ಕೊಟ್ಟೆ."

ಭಾರತಿ ತಿರುಗಿ ನೋಡಿದ ನೋಟವನ್ನು ಬೊಮ್ಮಿ ಇಂದಿಗೂ ಯಾರಿಗೂ ಬಣ್ಣಿಸಿ ಹೇಳಿಲ್ಲ.

ತೊಡೆಗೆ ಒಂದು ಸೂಜಿ ಕೊಟ್ಟರು. ಮೂಗಿಗೆ ಗಾಳಿಯ ನಳಿಗೆ ಇಟ್ಟರು. ಹತ್ತು ನಿಮಿಷಕ್ಕೆ ಸಿಳ್ಳಿನ ಸದ್ದು ಸಣ್ಣದಾಯಿತು. ಮತ್ತೊಂದು ಗಳಿಗೆಗೆ ಮಗು ಜೋರಾಗಿ ಅತ್ತಿತು. ಆ ಅಳು ಕೇಳಿ ಬೊಮ್ಮಿ ಕಾರಿಡಾರಿನಲ್ಲಿ ನೆಲಕ್ಕೆ ಕೂತುಬಿಟ್ಟಳು.

ಸಂಜೆ ಕೆಲಸದಿಂದ ಓಡಿ ಬಂದ ಮಗ ವಿನೋದನನ್ನೂ ಕೂರಿಸಿಕೊಂಡು ಡಾಕ್ಟರು ಹೇಳಿದರು. "ಗೇರುಬೀಜ ಒಳ್ಳೇದೇ. ಎದೆಗೆ ಒಳ್ಳೇದು, ಎಲುಬಿಗೆ ಒಳ್ಳೇದು, ಅದರಲ್ಲಿರೋ ಕೊಬ್ಬೂ ಒಳ್ಳೇ ಕೊಬ್ಬು. ನಾನೂ ತಿಂತೀನಿ. ಆದ್ರೆ ಈ ಮಗೂನ ಮೈ ಅದನ್ನ ವಿಷ ಅಂತ ತಿಳ್ಕೊಂಡಿದೆ. ಇನ್ನೊಂದ್ಸಲ ಹೊಟ್ಟೆಗೆ ಹೋದ್ರೆ ಇದಕ್ಕಿಂತ ಜೋರಾಗಬಹುದು. ಒಂದು ಚೂರೂ ಆಗಲ್ಲ. ಪಿಸ್ತಾನೂ ಬೇಡ, ಅದೂ ಇದೇ ಕುಲ." ಆಮೇಲೆ ಮಗುವಿನ ಕೆನ್ನೆಯ ಹಳೆಯ ಒರಟು ಕಲೆ ಮುಟ್ಟಿ ಕೇಳಿದರು. "ಇದು ಯಾವಾಗಿಂದ?"

ನಾಲ್ಕು ತಿಂಗಳಿಂದ ಇತ್ತು. ಬೆವರುಸಾಲೆ ಎಂದುಕೊಂಡಿದ್ದರು. ಬೊಮ್ಮಿ ಬೀಜ ಒಡೆಯುವ ಕೆಲಸ ಬಿಟ್ಟು ಎದ್ದು ಬಂದು, ಸೆರಗಿಗೆ ಕೈ ಒರೆಸಿಕೊಂಡು ಮಗುವನ್ನು ಎತ್ತಿ ಮುದ್ದಿಸಿದಾಗಲೆಲ್ಲ ಆ ಕೆನ್ನೆ ಕೆಂಪಾಗುತ್ತಿತ್ತು. ಈಗ ಅವಳಿಗೆ ಹೊಳೆಯಿತು. ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಮಗುವನ್ನು ಆಸ್ಪತ್ರೆಯಿಂದ ಬಿಟ್ಟ ದಿನ ಭಾರತಿ ಕೊಪ್ಪಕ್ಕೆ ಬರಲಿಲ್ಲ. ಕಾಳಿ ಸೇತುವೆ ದಾಟಿ ಚಿತ್ತಾಕುಲದ ತವರಿಗೆ ಹೋದಳು. "ಮಳೆ ಹಿಡೀಲಿ, ಬೀಜದ ಕಾಲ ಮುಗೀಲಿ, ಬರ್ತೆ," ಎಂದಷ್ಟೇ ಹೇಳಿದಳು. ಅತ್ತೆಯ ಕಡೆ ನೋಡಲಿಲ್ಲ.

ಬೊಮ್ಮಿ ಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಸುಡುವ ತಗಡನ್ನು ಗುಜರಿಯವನಿಗೆ ಕೊಟ್ಟದ್ದು. ಕೊಡತಿ, ಒಡೆಯುವ ಹಲಗೆ, ಬುಟ್ಟಿ, ಗೋಣಿಗಳನ್ನು ಒಲೆಗೆ ಹಾಕಿದಳು. ಮನೆಯಲ್ಲಿದ್ದ ಬೀಜವನ್ನೆಲ್ಲ ಹೊನ್ನುವಿನ ಮನೆಗೆ ಸಾಗಿಸಿದಳು. ಒರಳುಕಲ್ಲನ್ನು ಕುದಿನೀರು ಹಾಕಿ ಸೋಪು ಹಚ್ಚಿ ತಿಕ್ಕಿದಳು. ನೆಲದ ಸಂದಿಗಳನ್ನು ಸೂಜಿಯಿಂದ ಕೆರೆದಳು. ಎಲ್ಲ ಆದಮೇಲೂ ಸಮಾಧಾನವಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಎಲ್ಲೋ ಒಂದು ಚೂರು ಉಳಿದಿದೆ, ಅದು ತನ್ನ ಕಣ್ಣಿಗೆ ಬೀಳದೆ ಮಗುವಿನ ಕಣ್ಣಿಗೆ ಬೀಳಲು ಕಾಯುತ್ತಿದೆ ಎಂದು ಅನಿಸುತ್ತಿತ್ತು. ಊಟಕ್ಕೆ ಕೂತವಳು ಅರ್ಧಕ್ಕೆ ಎದ್ದು ಅಕ್ಕಿ ಡಬ್ಬಿಯನ್ನು ಮೊರಕ್ಕೆ ಸುರಿದು ನೋಡುವಳು. ಕೈಗಳನ್ನು ಸೀಗೆಪುಡಿಯಲ್ಲಿ, ಬೂದಿಯಲ್ಲಿ, ಸೋಪಿನಲ್ಲಿ ತೊಳೆದೂ ತೊಳೆದೂ ಹಳೆಯ ಗಾಯಗಳು ಮತ್ತೆ ಬಿರಿದವು. ಉಗುರಿನ ಕಪ್ಪು ಹೋಗಲಿಲ್ಲ.

ಜೂನಿನಲ್ಲಿ ಭಾರತಿ ಮರಳಿದಳು. ಚಂದನಾ ಅಜ್ಜಿಯನ್ನು ಕಂಡವಳೇ ಎರಡೂ ಕೈ ಎತ್ತಿ ಓಡಿ ಬಂದಳು. ಬೊಮ್ಮಿ ಹಿಂದಕ್ಕೆ ಸರಿದು ತುಳಸಿಕಟ್ಟೆಗೆ ತಾಗಿ ನಿಂತಳು. ಮಗು ಅವಳ ಕಾಲು ತಬ್ಬಿತು. ಬೊಮ್ಮಿ ಕೈ ಎರಡನ್ನೂ ಬೆನ್ನ ಹಿಂದೆ ಹಿಡಿದುಕೊಂಡು ಅಳುತ್ತಿದ್ದಳು. ಹೀಗೆ ಎಂಟು ದಿನ ನಡೆಯಿತು. ಒಂಬತ್ತನೆಯ ದಿನ ಭಾರತಿಯೇ ಬಂದು ಎದುರು ನಿಂತಳು.

"ಅತ್ತೇ, ನಾಳೆಯಿಂದ ನಾ ಅಂಕೋಲೆಗೆ ಬಟ್ಟೆ ಅಂಗಡಿ ಕೆಲ್ಸಕ್ಕೆ ಹೋಗೂದು. ಅವರು ಕಾರವಾರಕ್ಕೆ ಹೋಗೂದು. ಮಗೂನ ಯಾರು ನೋಡ್ಕಳೂದು? ಮುಟ್ಟದೇ ನೋಡ್ಕಳೂಕೆ ಆಗ್ತದಾ?"

"ನನ್ನ ಕೈ…"

"ಕೈಯಾಗೆ ಈಗ ಎಂತದೂ ಇಲ್ಲ. ಸೋಪು ಹಚ್ಚಿ ತೊಳದ್ರೆ ಸಾಕು ಅಂತ ಡಾಕ್ಟ್ರೇ ಹೇಳಿದ್ರು." ಅತ್ತೆಯ ಕೈ ಎರಡನ್ನೂ ಮುಂದಕ್ಕೆ ಎಳೆದಳು. "ನಂಗೆ ಸಿಟ್ಟು ಹೋಗಲಿಲ್ಲ ಅತ್ತೇ. ಆದ್ರೆ ನಿಮ್ಮಷ್ಟು ಹೆದರ್ಕಂಡು ನೋಡ್ಕಳ್ಳೋರು ನಂಗೆ ಬೇರೆ ಯಾರೂ ಸಿಗೂದಿಲ್ಲ."

ಡಾಕ್ಟರು ಮನೆಯಲ್ಲಿ ಇಟ್ಟುಕೊಳ್ಳಲು ಸೂಜಿಮದ್ದು ಬರೆದುಕೊಟ್ಟಿದ್ದರು. ಹಗಲು ಮಗುವಿನ ಜೊತೆ ಇರುವವರೇ ಕಲಿಯಬೇಕು ಎಂದಾಗ ಬೊಮ್ಮಿಯನ್ನೇ ಆಸ್ಪತ್ರೆಗೆ ಕರೆದೊಯ್ದರು. ಕಲಿಸಿದವಳು ಸುಗಂಧಾ ಎಂಬ ನರ್ಸು, ಕಾರವಾರದ ಹಬ್ಬುವಾಡದವಳು. ಸಣ್ಣ ಗಾಜಿನ ಕುಪ್ಪಿಯ ಕತ್ತನ್ನು ಬಟ್ಟೆಯಲ್ಲಿ ಹಿಡಿದು ಟಕ್ಕೆಂದು ಮುರಿಯುವುದು, ಸಣ್ಣ ಸಿರಿಂಜಿಗೆ ಕೆಂಪು ಗೆರೆಯ ತನಕ ಎಳೆಯುವುದು, ತೊಡೆಯ ಹೊರಬದಿಗೆ ನೆಟ್ಟಗೆ ಚುಚ್ಚುವುದು. ಗೆರೆಯನ್ನು ಅವಳೇ ಹಾಕಿಕೊಟ್ಟಿದ್ದಳು. ಬೊಮ್ಮಿಗೆ ಅಕ್ಷರ ಬಾರದು, ಅಂಕಿ ಅರ್ಧಂಬರ್ಧ.

"ನನ್ನಿಂದ ಆಗೂದಿಲ್ಲ ತಂಗೀ. ಎಲುಬಿಗೆ ತಾಗಿದ್ರೆ? ಗಾಳಿ ಒಳಗೆ ಹೋದ್ರೆ?"

"ಕೊಟ್ಟು ತಪ್ಪಾದ್ರೆ ನಾವು ನೋಡ್ಕಂತೇವು ಅಜ್ಜಿ," ಎಂದಳು ಸುಗಂಧಾ. "ಕೊಡದೇ ಕೂತ್ರೆ ನಮ್ಮ ಕೈಯಾಗೆ ಎಂತದೂ ಇರೂದಿಲ್ಲ. ಮನೆಯಾಗೆ ಮೊಗೆಕಾಯಿ ಅದ್ಯಾ? ಅದ್ಕೆ ಬರೀ ನೀರು ಚುಚ್ಚಿ ರೂಢಿ ಮಾಡಿ."

ಆ ಮಳೆಗಾಲ ಬೊಮ್ಮಿಯ ಹಿತ್ತಲ ಸೌತೆಬಳ್ಳಿಯ ಮೊಗೆಕಾಯಿಗಳೆಲ್ಲ ಸೂಜಿ ಚುಚ್ಚಿಸಿಕೊಂಡವು. ಔಷಧವನ್ನು ಸ್ಟೀಲಿನ ಡಬ್ಬಿಯಲ್ಲಿ ಹಾಕಿ, ಬಿಸಿ ತಾಗದ ಹಾಗೆ ದೇವರ ಗೂಡಿನಲ್ಲಿ ಇಟ್ಟರು. ಎರಡು ಕುಪ್ಪಿ, ಎರಡು ಸಿರಿಂಜು. ಅವಧಿ ಮುಗಿಯುವ ಮೊದಲೇ ಭಾರತಿ ಹೊಸದು ತಂದು, ಸಿರಿಂಜಿಗೆ ಗೆರೆ ಹಾಕಿಸಿ ಇಡುತ್ತಿದ್ದಳು. ಬೊಮ್ಮಿ ದಿನಕ್ಕೆ ನಾಲ್ಕು ಸಲ ಡಬ್ಬಿ ತೆರೆದು ನೋಡುತ್ತಿದ್ದಳು, ಕುಪ್ಪಿಗಳು ಎದ್ದು ಎಲ್ಲಿಗಾದರೂ ಹೋಗಿಬಿಟ್ಟಾವೋ ಎಂಬಂತೆ.

ಮಳೆ ನಿಂತು ಚಳಿ ಬಂತು. ಮರಗಳು ಹೂ ಬಿಟ್ಟವು. ಆ ಹೂವಿನ ವಾಸನೆ ಗಾಳಿಯಲ್ಲಿ ಬಂದ ದಿನವೇ ಬೊಮ್ಮಿ ಗುಡ್ಡದ ಕಡೆಯ ಕಿಟಕಿ ಮುಚ್ಚಿದಳು. ತಮ್ಮ ಹಕ್ಕಲನ್ನು ದೂರದ ವ್ಯಾಪಾರಿಯೊಬ್ಬನಿಗೆ ಗುತ್ತಿಗೆ ಕೊಟ್ಟು, ಬೀಜ ನೇರ ಅಲ್ಲಿಂದಲೇ ಹೊರಟುಹೋಗುವ ಹಾಗೆ ಮಾಡಿದ್ದಳು. ತಾನು ಹರಿವೆ, ಬದನೆ ಬೆಳೆಯಲು ಹಿಡಿದಳು. ಆದರೆ ಕೊಪ್ಪದ ಉಳಿದ ಮನೆಗಳನ್ನು ಏನು ಮಾಡುವುದು? ಫೆಬ್ರುವರಿ ಬಂತೆಂದರೆ ಅಂಗಳ ಅಂಗಳದಲ್ಲೂ ಬೀಜ, ಸಂಜೆಯ ಗಾಳಿಯಲ್ಲೆಲ್ಲ ಸಿಪ್ಪೆಯ ಹೊಗೆ. ಹಸಿ ಬೀಜದ ಪಲ್ಯ ಮಾಡದ ಮನೆಯಿಲ್ಲ. ಮಕ್ಕಳ ಜೇಬಿನಲ್ಲಿ ಗೋಡಂಬಿ.

ಬೊಮ್ಮಿ ಮನೆಮನೆಗೆ ಹೋಗಿ ಕೈಮುಗಿದಳು. "ನಮ್ಮ ಹುಡುಗಿಗೆ ಎಂತದೂ ಕೊಡಬೇಡಿ. ಕೇಳಿದ್ರೂ ಕೊಡಬೇಡಿ." ಕೆಲವರು ತಲೆ ಆಡಿಸಿದರು. ಕೆಲವರು ನಕ್ಕರು. "ಗೇರುಬೀಜ ತಿಂದ್ರೆ ಸಾಯೂದು ಅಂದ್ರೆ ನಮ್ಮ ಕೊಪ್ಪದಾಗೆ ಒಬ್ರೂ ಉಳೀತಿರಲಿಲ್ಲ ಬೊಮ್ಮೀ," ಎಂದಳು ಹೊನ್ನು. "ಅದು ಹಾವೇ ಆಗಿತ್ತು. ನೀ ಸುಮ್ಮಂಗೆ ನಿನ್ನ ಮೇಲೆ ಹಾಕ್ಕಂಡೆ."

ಆ ಒಂದು ಬೇಸಿಗೆ ಮಗುವನ್ನು ಮನೆಯೊಳಗೇ ಹಿಡಿದಿಟ್ಟು ಕಳೆಯಿತು. ಓದಲು ಬಾರದ ಬೊಮ್ಮಿಗೆ ಅಂಗಡಿಯ ಪೊಟ್ಟಣಗಳೆಲ್ಲ ವೈರಿಗಳಾದವು. ಬಿಸ್ಕೀಟು, ಚಾಕಲೇಟು, ಐಸ್‌ಕ್ರೀಮು ಯಾವುದನ್ನೂ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಮದುವೆಗೆ ಹೋದರೆ ಮಗುವಿಗೆ ಬುತ್ತಿ ಬೇರೆ. ಪಾಯಸದ ಬಕೀಟು ಸಾಲಿನಲ್ಲಿ ಬರುತ್ತಿದ್ದ ಹಾಗೆ ಅವಳು ಚಂದನಾಳನ್ನು ಎತ್ತಿಕೊಂಡು ಚಪ್ಪರದಿಂದ ಹೊರಗೆ ಹೋಗಿ ನಿಲ್ಲುವಳು. ಬೊಮ್ಮಿಗೆ ತಲೆ ಕೆಟ್ಟಿದೆ ಎಂದು ಜನ ಆಡಿಕೊಂಡರು. ಮಲಗಿದ ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಅದರ ಮುಂದಿನ ವರ್ಷದ ಏಪ್ರಿಲ್. ಚಂದನಾಳಿಗೆ ಮೂರೂವರೆ ವರ್ಷ. ಮೈಯಲ್ಲಿ ಮಾಂಸ ಹಿಡಿಯದ ತೆಳು ಹುಡುಗಿ, ಆದರೆ ಚುರುಕು. ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ಬೊಮ್ಮಿ ಹರಿವೆ ಮಡಿಗೆ ನೀರು ಹಾಕುತ್ತಿದ್ದಳು. ತಿರುಗಿ ನೋಡಿದರೆ ಜಗಲಿಯ ಮೇಲೆ ಹುಡುಗಿಯಿಲ್ಲ. ಕೂಗಿದಳು. ಕೊಡ ಬಿಸಾಡಿ ಓಡುವಷ್ಟರಲ್ಲಿ ಚಂದನಾ ಹೊನ್ನುವಿನ ಬೇಲಿ ದಾಟಿ ಬರುತ್ತಿದ್ದಳು. ಮೇಲ್ದುಟಿಗೆ ಕಂದು ಮೀಸೆ ಹತ್ತಿತ್ತು.

"ಅಜ್ಜೀ, ನಾಲಿಗೆ ಚುಚ್ಚೂದು," ಎಂದಳು.

ಬೊಮ್ಮಿ ಅವಳ ಗಲ್ಲ ಹಿಡಿದು ಬಾಯಿ ತೆರೆಸಿ ನೋಡಿದಳು. "ಎಂತ ತಿಂದೆ ಮಗಾ? ಎಂತ ಕೊಟ್ರು?"

"ರಾಗಿ."

ಹೊನ್ನು ಲೋಟ ಹಿಡಿದುಕೊಂಡೇ ಹಿಂದಿನಿಂದ ಬಂದಳು. "ರಾಗಿ ಅಂಬಲಿ ಕಾಣೇ. ಬೆಲ್ಲ ಹಾಕಿ ಕೊಟ್ಟೆ. ಒಣಗಿಹೋಗಿದೆ ಹುಡ್ಗಿ."

"ರಾಗಿ ಬಿಟ್ಟು ಎಂತ ಹಾಕಿದೆ?"

"ಎಂತದೂ ಇಲ್ಲ."

"ಹೊನ್ನೂ!" ಬೊಮ್ಮಿ ಅವಳ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. "ಎಂತ ಹಾಕಿದೆ ಹೇಳೇ!"

ಹೊನ್ನುವಿನ ಮುಖ ಬಿಳಿಚಿತು. "ಬೀಜ ಕೊಡಲಿಲ್ಲ ಬೊಮ್ಮೀ, ದೇವರಾಣೆ. ಅದರ ಹಿಟ್ಟು… ಒಂದು ಚಮಚ ಪುಡಿ. ಶಕ್ತಿ ಬರಲಿ ಅಂತ. ಪುಡಿ ಮಾಡಿ ಕುದಿಸಿದ್ರೆ ಎಂತದೂ ಆಗೂದಿಲ್ಲ ಅಂತ ಮಾಡಿದೆ."

ಹುಡುಗಿ ಕತ್ತು ಕೆರೆದುಕೊಳ್ಳುತ್ತಿದ್ದಳು. ಕೆಮ್ಮಿದಳು. ಇನ್ನೊಮ್ಮೆ ಕೆಮ್ಮಿದಾಗ ಅದು ನಾಯಿ ಬೊಗಳಿದ ಹಾಗೆ ಕೇಳಿತು. ಬೊಮ್ಮಿ ಅವಳನ್ನು ಎತ್ತಿ ಜಗಲಿಯ ಮೇಲೆ ಮಲಗಿಸಿ ಒಳಗೆ ಓಡಿದಳು. "ಫೋನು ಮಾಡು! ಜಟ್ಟುಗೆ ಮಾಡು, ನೂರಾ ಎಂಟಕ್ಕೆ ಮಾಡು!" ಎಂದು ಒಳಗಿನಿಂದಲೇ ಕೂಗಿದಳು. ಜಟ್ಟು ಮದುವೆ ಬಾಡಿಗೆಗೆ ಕುಮಟೆಗೆ ಹೋಗಿದ್ದ. ಆಂಬುಲೆನ್ಸು ಬೇರೊಬ್ಬರನ್ನು ಕಾರವಾರಕ್ಕೆ ಮುಟ್ಟಿಸಿ ಬರಬೇಕು, ತಡವಾಗುತ್ತದೆ ಎಂದರು.

ಡಬ್ಬಿಯ ಮುಚ್ಚಳ ತೆರೆಯಲಿಲ್ಲ. ದಿನಕ್ಕೆ ನಾಲ್ಕು ಸಲ ತೆರೆದ ಮುಚ್ಚಳ ಈಗ ಕೈಯ ಬೆವರಿಗೆ ಜಾರುತ್ತಿತ್ತು. ಹಲ್ಲಿನಲ್ಲಿ ಕಚ್ಚಿ ತೆರೆದಳು. ಕುಪ್ಪಿಯ ಕತ್ತು ಹಿಡಿದು ಮುರಿದಳು. ಬಟ್ಟೆ ಹಿಡಿಯಲು ಮರೆತಿದ್ದಳು. ಕುಪ್ಪಿ ಅವಳ ಬೆರಳುಗಳ ನಡುವೆಯೇ ಪುಡಿಯಾಯಿತು. ಹೆಬ್ಬೆರಳು ಸೀಳಿತು, ಮದ್ದು ನೆಲಕ್ಕೆ ಹೋಯಿತು. ಸಗಣಿ ಸಾರಿಸಿದ ನೆಲ ಅದನ್ನು ಹೀರಿಕೊಳ್ಳುವುದನ್ನು ಅವಳು ನೋಡುತ್ತ ನಿಂತಳು. ಹೊರಗೆ ಜಗಲಿಯಿಂದ ಆ ಸಿಳ್ಳಿನ ಸದ್ದು ಕೇಳಿತು. ಎರಡು ವರ್ಷದಿಂದ ಕನಸಿನಲ್ಲಿ ಕೇಳುತ್ತಿದ್ದದ್ದೇ ಸದ್ದು.

ಉಳಿದದ್ದು ಒಂದೇ ಕುಪ್ಪಿ.

ಅದನ್ನು ತೆಗೆದುಕೊಂಡು ಅವಳು ಹೊರಗೆ ಬಂದು ಮಗುವಿನ ಪಕ್ಕ ಕೂತಳು. ಚಂದನಾಳ ತುಟಿಯ ಸುತ್ತ ನೀಲಿ ಕವಿಯುತ್ತಿತ್ತು, ಕಣ್ಣು ಅಜ್ಜಿಯ ಮೇಲೇ ನೆಟ್ಟಿತ್ತು. "ಕಾಲು ಹಿಡಿ," ಎಂದಳು ಹೊನ್ನುವಿಗೆ. ಹೊನ್ನು ಹಿಡಿದಳು. ಬೊಮ್ಮಿ ಸೆರಗಿನ ತುದಿಯನ್ನು ಕುಪ್ಪಿಗೆ ಸುತ್ತಿದಳು, ಉಸಿರು ಕಟ್ಟಿದಳು, ಟಕ್ಕೆಂದು ಮುರಿದಳು. ಮುರಿದದ್ದು ಕತ್ತು ಮಾತ್ರ. ಸೂಜಿ ಕುಪ್ಪಿಯ ಬಾಯಿಗೆ ಮೂರು ಸಲ ತಾಗಿ ತಪ್ಪಿತು, ನಾಲ್ಕನೆಯ ಸಲ ಒಳಗೆ ಹೋಯಿತು. ಕೆಂಪು ಗೆರೆ ಕಣ್ಣೀರಿನಲ್ಲಿ ಎರಡಾಗಿ ಕಂಡಿತು. ತೋಳಿನಿಂದ ಕಣ್ಣು ಒರೆಸಿ ಮತ್ತೆ ನೋಡಿದಳು. ಗೆರೆಯ ತನಕ ಎಳೆದಳು. ಎಲುಬು, ಗಾಳಿ, ಎಲ್ಲ ಹೆದರಿಕೆಯೂ ಒಟ್ಟಿಗೇ ಕೈಗೆ ಇಳಿದಿತ್ತು. ಆ ಕೈಯಲ್ಲೇ ತೊಡೆಗೆ ಚುಚ್ಚಿ, ಒತ್ತಿ, ಸುಗಂಧಾ ಹೇಳಿಕೊಟ್ಟಂತೆ ಹತ್ತರ ತನಕ ಎಣಿಸಿದಳು.

ಆಮೇಲೆ ಮಾಡಲು ಏನೂ ಉಳಿದಿರಲಿಲ್ಲ. ಅದೇ ಎಲ್ಲಕ್ಕಿಂತ ಕೆಟ್ಟ ಹೊತ್ತು. ಹೊನ್ನು ಬಿಕ್ಕುತ್ತಿದ್ದಳು. "ಸುಮ್ಕಿರು," ಎಂದಳು ಬೊಮ್ಮಿ, "ಉಸ್ರು ಕೇಳೂದಿಲ್ಲ." ಮಗುವಿನ ಎದೆಗೆ ಕಿವಿ ಇಟ್ಟು ಕೂತಳು. ಸಿಳ್ಳು ಇತ್ತು. ಇತ್ತು. ಇನ್ನೂ ಇತ್ತು. ಬಿಸಿಲು ಜಗಲಿಯ ಒಂದು ಹೆಂಚಿನಷ್ಟು ಸರಿಯಿತೋ ಇಲ್ಲವೋ, ಸಿಳ್ಳಿನ ಅಂಚು ಮೆತ್ತಗಾದ ಹಾಗೆ ಅವಳಿಗೆ ಕೇಳಿತು. ನಂಬಲಿಲ್ಲ. ಚಂದನಾ ಒಂದು ದೀರ್ಘ ಉಸಿರು ಎಳೆದುಕೊಂಡು, ಕರ್ಕಶ ಸ್ವರದಲ್ಲಿ "ಅಜ್ಜೀ, ರಕ್ತ," ಎಂದಳು. ಬೊಮ್ಮಿಯ ಹೆಬ್ಬೆರಳಿನ ರಕ್ತ ಅವಳ ಲಂಗದ ಮೇಲೆಲ್ಲ ಹರಡಿತ್ತು.

ಮಗುವನ್ನು ಎತ್ತಿಕೊಂಡು ಇಬ್ಬರೂ ಹೆದ್ದಾರಿಗೆ ಓಡಿದರು. ಕಾರವಾರದ ಕಡೆಯಿಂದ ಬರುತ್ತಿದ್ದ ಮೀನಿನ ಟೆಂಪೋಕ್ಕೆ ಹೊನ್ನು ಕೈ ಅಡ್ಡ ಹಿಡಿದು ರಸ್ತೆಯ ನಡುವೆಯೇ ನಿಂತುಬಿಟ್ಟಳು. ಓಡಿಸುತ್ತಿದ್ದವನು ತುಳಸಿದಾಸ ಎಂಬುವನು, ಮೀನುಗಾರರ ಮನೆಯವನು. ಒಂದೂ ಪ್ರಶ್ನೆ ಕೇಳದೆ ಬಾಗಿಲು ತೆರೆದ. ಅಂಕೋಲೆಯ ತನಕ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ದಾರಿಯಲ್ಲಿ ಸಿಳ್ಳು ಮತ್ತೆ ಏರತೊಡಗಿತ್ತು. ಆಸ್ಪತ್ರೆಯಲ್ಲಿ ಎರಡನೆಯ ಸೂಜಿ ಕೊಟ್ಟರು. ಇನ್ನೊಂದಿಷ್ಟು ಹೊತ್ತು ತಡೆದಿದ್ದರೆ ಎಂಬ ಮಾತನ್ನು ಡಾಕ್ಟರು ಶುರು ಮಾಡಿ, ಬೊಮ್ಮಿಯ ಮುಖ ನೋಡಿ, ಅಲ್ಲಿಗೇ ನಿಲ್ಲಿಸಿದರು. ಸುಗಂಧಾ ಬಂದು ಅವಳ ಹೆಬ್ಬೆರಳಿಗೆ ಹೊಲಿಗೆ ಹಾಕಿಸಿದಳು. ನಾಲ್ಕು ಹೊಲಿಗೆ. ಬೊಮ್ಮಿಗೆ ನೋವೇ ತಿಳಿಯಲಿಲ್ಲ.

ಚಂದನಾ ಮೂರನೆಯ ದಿನ ಮನೆಗೆ ಬಂದಳು. ಭಾರತಿ ಹೊನ್ನುವಿನ ಮನೆಯ ಅಂಗಳಕ್ಕೆ ಹೋಗಿ ಬಾಯಿಗೆ ಬಂದದ್ದನ್ನೆಲ್ಲ ಅಂದು ಬಂದಳು. ಹೊನ್ನು ಬಾಗಿಲ ಸಂದಿಯಲ್ಲಿ ತಲೆತಗ್ಗಿಸಿ ನಿಂತಿದ್ದಳಂತೆ. ತಿಂಗಳ ತನಕ ಅವಳು ಮನೆಯಿಂದ ಹೊರಗೆ ಮುಖ ತೋರಿಸಲಿಲ್ಲ. ಬೊಮ್ಮಿ ಮಾತ್ರ ಸೊಸೆಯ ಜೊತೆ ದನಿಗೂಡಿಸಲಿಲ್ಲ. ಅರ್ಧ ಬೀಜ ಕೊಟ್ಟವಳು ಒಂದು ಚಮಚ ಪುಡಿ ಕೊಟ್ಟವಳಿಗೆ ಏನು ಹೇಳುವುದು? ಒಂದು ಬೆಳಿಗ್ಗೆ ಬೇಲಿಯ ಹತ್ತಿರ ಹೋಗಿ, "ಹೊನ್ನೂ, ಹರಿವೆ ಕಿತ್ತಿದೆ. ಅಂಕೋಲೆ ಸಂತೆಗೆ ಒಬ್ಬಳೇ ಹೊರೂಕೆ ಆಗೂದಿಲ್ಲ, ಬರ್ತ್ಯಾ?" ಎಂದು ಕೇಳಿದಳು. ಹೊನ್ನು ಬಂದಳು. ದೊಡ್ಡ ಹೊರೆಯನ್ನು ತಾನೇ ತಲೆಗೆ ಏರಿಸಿಕೊಂಡಳು.

ಅದಾದ ಮೇಲೆ ಕೊಪ್ಪದಲ್ಲಿ ಯಾರೂ ಬೊಮ್ಮಿಯ ಮಾತಿಗೆ ನಗಲಿಲ್ಲ. ಕೆಲವು ಮನೆಯವರು ಬೀಜ ಸುಡುವುದನ್ನು ಗುಡ್ಡದ ಆಚೆ ಬದಿಗೆ ಒಯ್ದರು. ಮಕ್ಕಳು ಗೋಡಂಬಿ ತಿಂದರೆ ಬಾಯಿ ಕೈ ತೊಳೆದೇ ಚಂದನಾಳ ಜೊತೆ ಆಟಕ್ಕೆ ಬರಬೇಕೆಂದು ತಾಯಂದಿರು ಗದರಿಸತೊಡಗಿದರು.

ಜೂನಿನಲ್ಲಿ ಚಂದನಾಳನ್ನು ಅಂಗನವಾಡಿಗೆ ಸೇರಿಸಬೇಕೆಂದು ವಿನೋದ ಹಟ ಹಿಡಿದ. "ಎಷ್ಟು ವರ್ಷ ಸೆರಗಿನಾಗೆ ಕಟ್ಕಂಡು ಇರ್ತೆ ಅವ್ವಾ?" ಎಂದ. ಬೊಮ್ಮಿ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ತಾನೇ ಡಬ್ಬಿ ಹಿಡಿದುಕೊಂಡು ಅಂಗನವಾಡಿಗೆ ಹೋದಳು. ಅಂದು ತಾಯಂದಿರ ಸಭೆಯಿತ್ತು. ನಾಲ್ಕು ಜನರ ಎದುರು ಎಂದೂ ಬಾಯಿ ಬಿಡದವಳು ಎದ್ದು ನಿಂತಳು, ಮೊದಲ ಮಾತು ಯಾರಿಗೂ ಕೇಳಿಸಲೇ ಇಲ್ಲ. ಆಮೇಲೆ ಕೇಳಿಸಿತು. ಗೇರುಬೀಜ ಕೆಟ್ಟದ್ದಲ್ಲ, ತಾನು ಅದರಿಂದಲೇ ಮನೆ ನಡೆಸಿದವಳು, ನಿಮ್ಮ ಮಕ್ಕಳಿಗೆ ಧಾರಾಳ ಕೊಡಿ ಎಂದಳು. ಆದರೆ ಯಾವ ಮಗುವಿಗಾದರೂ ಮೊದಲ ಸಲ ಕೊಡುವಾಗ ಚೂರೇ ಚೂರು ಕೊಟ್ಟು ಹತ್ತಿರವೇ ಕೂತಿರಿ, ತುಟಿ ಊದಿದರೆ ಹಾವು ದೆವ್ವ ಎಂದು ಕೂರಬೇಡಿ ಎಂದಳು. ಡಬ್ಬಿ ತೆರೆದು, ಹಳೆಯ ಕುಪ್ಪಿಯೊಂದನ್ನು ಬಟ್ಟೆಯಲ್ಲಿ ಹಿಡಿದು ಟಕ್ಕೆಂದು ಮುರಿದು ತೋರಿಸಿದಳು. ಟೀಚರು ಇನ್ನೊಮ್ಮೆ ತೋರಿಸಲು ಹೇಳಿ, ತಾನೂ ಮಾಡಿ ನೋಡಿದಳು.

ಮೊದಲ ವಾರ ಬೊಮ್ಮಿ ಅಂಗನವಾಡಿಯ ಜಗಲಿಯಲ್ಲೇ ಮಧ್ಯಾಹ್ನದ ತನಕ ಕೂತಿದ್ದಳು. ಎರಡನೆಯ ವಾರ ಟೀಚರು ನಯವಾಗಿ ಹೇಳಿದ ಮೇಲೆ ರಸ್ತೆಯ ಮೋರಿಯ ಕಟ್ಟೆಗೆ ಸರಿದಳು. ಈಗ ಮಳೆ ಜೋರಾಗಿದೆ, ಮೋರಿಯ ಮೇಲೆ ಕೂರುವ ಹಾಗಿಲ್ಲ. ಮಗುವನ್ನು ಬಿಟ್ಟು ಮನೆಗೆ ಬಂದು ಬದನೆ ಗಿಡದ ಕಳೆ ಕೀಳುತ್ತಾಳೆ. ಯಾರಾದರೂ ರಸ್ತೆಯಲ್ಲಿ ಸ್ವಲ್ಪ ಬಿರುಸಾಗಿ ನಡೆದು ಬಂದರೂ ಅವಳ ಕೈ ನಿಲ್ಲುತ್ತದೆ. ಬಂದವರು ಅವಳ ಮನೆಯ ತಿರುವು ದಾಟಿ ಮುಂದೆ ಹೋಗುವ ತನಕ ಹಾಗೇ ಕೂತಿದ್ದು, ಆಮೇಲೆ ಮತ್ತೆ ಕಳೆ ಕೀಳುತ್ತಾಳೆ.